ಸುಣ್ಣದ ನೆಲದಲ್ಲಿ ಬಿಳಿ ಸಾಲ್ವಿಯಾ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯ ಊರ ಪ್ರಮುಖರೊಡನೆಯಾಗಲಿ ಭೂಮಾಲೀಕರೊಡನೆಯಾಗಲಿ ಹೂದೋಟದ ಮಾತೆತ್ತಿದರೆ ದೊರಕುವ ಉತ್ತರವು ಸಾಮಾನ್ಯವಾಗಿ ಒಂದೇ: “ನಮ್ಮ ಬಿಸಿಲಿಗೆ ಹೂವಿನ ಗಿಡ ನಿಲ್ಲದು.” ವೈಶಾಖ ಮಾಸದಲ್ಲಿ 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವ ಈ ಸೀಮೆಯ ಉರಿಯನ್ನು ಬಲ್ಲವರಾರೂ ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಶಾಲೆಯ ಅಂಗಳದಲ್ಲಿಯೂ ಪಂಚಾಯಿತಿಯ ಕಟ್ಟಡದ ಮುಂದೆಯೂ ಮನೆಯ ಹಿತ್ತಲಿನಲ್ಲಿಯೂ ಕೆಟ್ಟುಹೋದ ಗಿಡಗಳನ್ನು ಕಿತ್ತು ಅವುಗಳ ಬೇರನ್ನು ನೋಡಿದರೆ ಅನೇಕ ವೇಳೆ ಬೇರೊಂದು ಸಂಗತಿಯು ತಿಳಿದುಬರುತ್ತದೆ. ಬೇರು ಒಣಗಿರುವುದಿಲ್ಲ, ಕಪ್ಪಾಗಿ ಕೊಳೆತಿರುತ್ತದೆ. ಬೇಸಗೆಯಲ್ಲಿ ಬದುಕಿ ಉಳಿದ ಗಿಡವು ಶ್ರಾವಣ ಭಾದ್ರಪದಗಳ ಮಳೆಯಲ್ಲಿ, ಬುಡದಲ್ಲಿ ನಿಂತ ನೀರಿಗೆ ಸಿಕ್ಕಿ ಸತ್ತಿರುತ್ತದೆ. ಬಿಸಿಲಿನ ಮೇಲೆ ಹೊರಿಸಿದ ಅಪರಾಧವು ನೀರಿನದು.

ಈ ಭೇದವನ್ನು ತಿಳಿದವರಿಗೆ ನಮ್ಮ ಸೀಮೆಯಲ್ಲಿಯೂ ವರ್ಷಗಟ್ಟಲೆ ಬಾಳುವ ಹೂಗಿಡಗಳುಂಟು. ಅವುಗಳಲ್ಲಿ ಬಿಳಿಯ ಹೂ ಬಿಡುವ ಸಾಲ್ವಿಯಾ ಒಂದು. ಇದರ ಆಯ್ಕೆ, ನಾಟಿ ಮತ್ತು ಪೋಷಣೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗಿಡದ ಪರಿಚಯ

ಸಾಲ್ವಿಯಾ ನಮ್ಮ ತುಳಸಿ, ಕಾಮಕಸ್ತೂರಿ, ತುಂಬೆ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದುದು. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರೆ ತುಳಸಿಯಂತೆಯೇ ನಾಲ್ಕು ಮೂಲೆಗಳು ಕೈಗೆ ತಗಲುತ್ತವೆ. ಎಲೆಗಳು ಎದುರುಬದುರಾಗಿ ಇರುತ್ತವೆ. ಹೂವಿಗೆ ತುಂಬೆಯ ಹೂವಿನಂತೆ ಮೇಲೊಂದು ಕೆಳಗೊಂದು ತುಟಿ. ಈ ಕುಲದಲ್ಲಿ 900ಕ್ಕೂ ಮಿಕ್ಕ ಜಾತಿಗಳಿವೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಪ್ರಯತ್ನದಿಂದ ದಕ್ಷಿಣ ಜಿಲ್ಲೆಗಳ ರೈತರು ಬೆಳೆಯತೊಡಗಿದ ಚಿಯಾ ಎಂಬ ಕಾಳು ಸಹ ಸಾಲ್ವಿಯಾ ಕುಲದ್ದೇ ಆಗಿದೆ. ಆದರೆ ಚಿಯಾ ಒಂದೇ ಹಂಗಾಮಿನ ಬೆಳೆ. ನಾವು ಹೇಳಲಿರುವುದು ಹಲವು ವರ್ಷ ನಿಲ್ಲುವ ಹೂಗಿಡ.

ಜಾತಿಯ ಆಯ್ಕೆಯಲ್ಲಿ ತಪ್ಪಿದರೆ ಮುಂದಿನ ಶ್ರಮವೆಲ್ಲವೂ ವ್ಯರ್ಥವೇ ಸರಿ. ಬೀಜದ ಪೊಟ್ಟಣದ ಮೇಲಿನ ಚಿತ್ರವನ್ನು ನೋಡಿ ಕೊಳ್ಳಕೂಡದು; ಜಾತಿಯ ಹೆಸರನ್ನು ಓದಿ ಕೊಳ್ಳತಕ್ಕದ್ದು.

ಸಾಲ್ವಿಯಾ ಫ್ಯಾರಿನೇಸಿಯಾ ಎಂಬುದು ನಮ್ಮ ಸೀಮೆಗೆ ಎಲ್ಲಕ್ಕಿಂತ ಹೊಂದುವ ಜಾತಿ. ಇದರ ತವರು ಅಮೆರಿಕದ ಟೆಕ್ಸಸ್ ಮತ್ತು ಅದರ ನೆರೆಯ ಪ್ರದೇಶ. ಅಲ್ಲಿಯ ಬಿಸಿಲೂ ಪ್ರಖರ, ಅಲ್ಲಿಯ ನೆಲವೂ ಬಹುಮಟ್ಟಿಗೆ ಸುಣ್ಣಗಲ್ಲಿನದು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾರ್ಜ್ ಬೆಂಥಮ್ 1833ರಲ್ಲಿ ಇದಕ್ಕೆ ಈ ಹೆಸರನ್ನು ಕೊಟ್ಟನು. ಫ್ಯಾರಿನೇಸಿಯಾ ಎಂದರೆ ಹಿಟ್ಟಿನಂತಹುದು ಎಂದರ್ಥ. ಹೂವಿನ ಪುಷ್ಪಪಾತ್ರೆಯ ಮೇಲೆ ಜೋಳದ ಹಿಟ್ಟನ್ನು ಉದುರಿಸಿದಂತೆ ಬಿಳಿಯ ನವಿರು ಇರುವುದೇ ಈ ಹೆಸರಿಗೆ ಕಾರಣ. ಕಾಡಿನಲ್ಲಿ ಇದರ ಹೂ ನೀಲಿ. ತೋಟಗಳಲ್ಲಿ ಬಿಳಿಯ ತಳಿಗಳೂ ಉಂಟು. ಗಿಡವು ಒಂದೂವರೆಯಿಂದ ಎರಡು ಅಡಿ ಎತ್ತರ ಬೆಳೆದು, ತೆಳ್ಳನೆಯ ತೆನೆಗಳಲ್ಲಿ ಹೂ ಬಿಡುತ್ತದೆ.

ಸಾಲ್ವಿಯಾ ಗ್ರೆಗ್ಗಿಯೈ ಎಂಬುದು ಟೆಕ್ಸಸ್ ಮತ್ತು ಮೆಕ್ಸಿಕೋ ದೇಶದ ಒಣ ಕಲ್ಲುನೆಲದ ಕುರುಚಲು ಪೊದೆ. ಬಿಳಿಯ ತಳಿಯು ಸಸ್ಯೋದ್ಯಾನಗಳಲ್ಲಿ ದೊರೆತರೆ ಇದನ್ನೂ ಪರೀಕ್ಷಿಸಿ ನೋಡಬಹುದು. ಸಾಲ್ವಿಯಾ ಕಾಕ್ಸಿನಿಯಾ ಎಂಬುದು ಸುಲಭವಾಗಿ ಬೆಳೆಯುತ್ತದೆ. ಬಿಳಿಯ ತಳಿಗಳೂ ಇವೆ. ಆದರೆ ಇದರಲ್ಲಿ ಒಂದು ಅಪಾಯವುಂಟು, ಅದನ್ನು ಮುಂದೆ ಹೇಳಲಾಗುವುದು.

ಕೊಳ್ಳಬಾರದವು ಎರಡು. ಸಾಲ್ವಿಯಾ ನೆಮೊರೋಸಾ ಎಂಬ ಯುರೋಪಿನ ಜಾತಿಯ ಬಿಳಿ ಹೂವಿನ ಚಿತ್ರವು ಮನೋಹರವಾಗಿರುತ್ತದೆ. ಆದರೆ ಅದು ಚಳಿಗಾಲದಲ್ಲಿ ಹಿಮ ಬೀಳುವ ನಾಡಿನ ಗಿಡ, ಬೆಚ್ಚನೆಯ ಬಯಲಿನಲ್ಲಿ ಸೊರಗುತ್ತದೆ. ಬೆಂಗಳೂರಿನ ಉದ್ಯಾನಗಳಲ್ಲಿ ಕೆಂಪಗೆ ಕಾಣುವ ಸಾಲ್ವಿಯಾ ಸ್ಪ್ಲೆಂಡೆನ್ಸ್ ಬ್ರೆಜಿಲ್ ದೇಶದ್ದು. ಅದರಲ್ಲಿ ಬಿಳಿಯ ಬಗೆಯೂ ಇದೆ. ಆದರೆ ಅದು ತಂಪನ್ನೂ ತೇವವನ್ನೂ ಬೇಡುವುದರಿಂದ ನಮ್ಮಲ್ಲಿ ಒಂದು ಹಂಗಾಮಿನ ಹೂವಷ್ಟೇ.

ನಮ್ಮ ನೆಲ

ಕಾಗಿಣಾ ನದಿಯು ಹರಿಯುವ ಸೇಡಂ, ಚಿತ್ತಾಪುರಗಳ ನೆಲದಡಿಯಲ್ಲಿ ಸುಣ್ಣಗಲ್ಲಿನ ಹಾಸುಗಳಿವೆ. ಶಹಾಬಾದಿನ ಪರಸಿ ಕಲ್ಲು ದೇಶದ ನಾನಾ ಭಾಗಗಳ ಮನೆಗಳ ನೆಲಹಾಸಾಗಿರುವುದೂ, ವಾಡಿ, ಸೇಡಂ, ಮಳಖೇಡಗಳ ಸುತ್ತ ಸಿಮೆಂಟಿನ ಕಾರ್ಖಾನೆಗಳು ಎದ್ದಿರುವುದೂ ಈ ಕಲ್ಲಿನ ಪ್ರಭಾವದಿಂದಲೇ. ಇದರ ಮೇಲಿನ ಎರೆಮಣ್ಣಿನಲ್ಲಿ ಸುಣ್ಣದ ಅಂಶವು ಹೇರಳವಾಗಿದ್ದು, ಮಣ್ಣು ಸಾಧಾರಣವಾಗಿ ಕ್ಷಾರದ ಕಡೆಗಿರುತ್ತದೆ. ಅನೇಕ ಹೂಗಿಡಗಳಿಗೆ ಇದು ಒಗ್ಗದಿದ್ದರೂ ಸುಣ್ಣದ ನೆಲದಲ್ಲಿಯೇ ಹುಟ್ಟಿ ಬೆಳೆದ ಫ್ಯಾರಿನೇಸಿಯಾ ಜಾತಿಗೆ ಇದರಿಂದ ಬಾಧೆಯಿಲ್ಲ. ಹಾಗೆಂದು ಗಿಡಕ್ಕೆ ಪ್ರಿಯವೆಂದು ತಿಳಿದು ಮಣ್ಣಿಗೆ ಸುಣ್ಣವನ್ನಾಗಲಿ ಕಾರ್ಖಾನೆಯ ಧೂಳನ್ನಾಗಲಿ ಬೆರೆಸಕೂಡದು. ನೆಲದಲ್ಲಿರುವುದೇ ಸಾಕಾದುದಕ್ಕಿಂತ ಹೆಚ್ಚು.

ಎರೆಮಣ್ಣಿನ ದೋಷವಿರುವುದು ಅದರ ಸುಣ್ಣದಲ್ಲಲ್ಲ, ಅದರ ಜಿಗುಟಿನಲ್ಲಿ. ಬೇಸಗೆಯಲ್ಲಿ ಅದು ಕೈ ತೂರುವಷ್ಟು ಬಿರಿಯುತ್ತದೆ. ಮಳೆಯಲ್ಲಿ ಉಬ್ಬಿ, ಗಾಳಿಯಾಡುವ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವರ್ಷದ ಮಳೆಯ ಹೆಚ್ಚಿನ ಪಾಲು ಬೀಳುವ ಈ ಸೀಮೆಯಲ್ಲಿ ಗಿಡದ ಬೇರು ವಾರಗಟ್ಟಲೆ ಉಸಿರಾಡದೆ ಇರಬೇಕಾಗುತ್ತದೆ. ಆಗಲೇ ಕೊಳೆರೋಗದ ಬೂಷ್ಟು ಬೇರನ್ನು ಹಿಡಿಯುತ್ತದೆ.

ಚಿಂಚೋಳಿಯ ಎತ್ತರದ ಪ್ರದೇಶಗಳಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು ಉಂಟು. ಅದರಲ್ಲಿ ನೀರು ನಿಲ್ಲುವ ಭಯವು ಕಡಿಮೆ. ಆದರೆ ಸಾರವೂ ಕಡಿಮೆಯಾದುದರಿಂದ ಗೊಬ್ಬರವನ್ನು ತುಸು ಹೆಚ್ಚಾಗಿ ಕೊಡತಕ್ಕದ್ದು. ಯಾವ ಮಣ್ಣೆಂಬ ಸಂದೇಹವಿದ್ದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣನ್ನು ಪರೀಕ್ಷಿಸಿಕೊಳ್ಳುವುದು ಯುಕ್ತ.

ಮಡಿಯನ್ನು ಸಿದ್ಧಪಡಿಸುವುದು

ಎರೆಭೂಮಿಯಲ್ಲಿ ಗುಂಡಿ ತೋಡಿ, ಒಳ್ಳೆಯ ಮಣ್ಣನ್ನು ತುಂಬಿ ಗಿಡ ನೆಡುವ ಪದ್ಧತಿಯು ಬಳಕೆಯಲ್ಲಿದೆ. ಸಾಲ್ವಿಯಾದ ಮಟ್ಟಿಗೆ ಇದು ತೀರ ತಪ್ಪಾದ ಪದ್ಧತಿ. ಸುತ್ತಲಿನ ಜಿಗುಟು ಮಣ್ಣು ನೀರನ್ನು ಹೊರಬಿಡದೆ ಹಿಡಿದಿಡುವುದರಿಂದ ಆ ಗುಂಡಿಯು ಮಳೆಗಾಲದಲ್ಲಿ ಒಂದು ಸಣ್ಣ ಬಾವಿಯೇ ಆಗಿಬಿಡುತ್ತದೆ. ನೆಲವನ್ನು ಅಗೆದು ಕೆಳಗಿಳಿಯದೆ, ನೆಲದ ಮೇಲೆ ಮಡಿಯನ್ನು ಏರಿಸಬೇಕು. ನಮ್ಮ ಹಿರಿಯರು ತುಳಸಿಗೆ ಕಟ್ಟೆಯನ್ನು ಕಟ್ಟಿದರು. ಎತ್ತರ, ಎಲ್ಲ ಕಡೆಯ ಬೆಳಕು, ಬುಡದಲ್ಲಿ ನಿಲ್ಲದ ನೀರು ಎಂಬ ಈ ಮೂರು ಅನುಕೂಲಗಳೂ ಆ ಕಟ್ಟೆಯಲ್ಲಿಯೇ ಇವೆ. ತುಳಸಿಯ ಬಂಧುವಾದ ಈ ಗಿಡಕ್ಕೂ ಅಂಥದೇ ನೆಲೆ ಬೇಕು.

ಹತ್ತಡಿ ಉದ್ದ, ಮೂರಡಿ ಅಗಲದ ಸ್ಥಳವನ್ನು ಗುರುತಿಸಿ, ಮೇಲುಮಣ್ಣನ್ನು ಒಂದು ಗೇಣಿನಷ್ಟು ಸಡಿಲಿಸಬೇಕು. ಸುತ್ತಲೂ ಒಡೆದ ಪರಸಿ ಕಲ್ಲುಗಳನ್ನು ಲಂಬವಾಗಿ ನಿಲ್ಲಿಸಿ, ಮಡಿಯು ನೆಲದಿಂದ 9 ಅಂಗುಲ ಎತ್ತರವಾಗುವಂತೆ ಮಾಡತಕ್ಕದ್ದು. ಶಹಾಬಾದ್ ಚಿತ್ತಾಪುರಗಳ ಕಲ್ಲುಗಣಿಗಳ ಬಳಿ ನಿರುಪಯೋಗಿಯಾಗಿ ಬಿದ್ದಿರುವ ತುಂಡುಕಲ್ಲುಗಳು ಈ ಕೆಲಸಕ್ಕೆ ಸಾಕು. ಕಲ್ಲುಗಳ ಸಂದುಗಳನ್ನು ಗಾರೆಯಿಂದ ಮುಚ್ಚಕೂಡದು. ನೀರು ಹೊರಹೋಗಲು ಅವೇ ದಾರಿ. ಮಡಿಗೆ ತುಂಬುವ ಮಣ್ಣಿನಲ್ಲಿ ಹೊಲದ ಮಣ್ಣು ಮೂರು ಪಾಲು, ಗರಸು ಅಥವಾ ದಪ್ಪ ಮರಳು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಇರಬೇಕು. ಗೊಬ್ಬರವನ್ನು ಇದಕ್ಕಿಂತ ಹೆಚ್ಚು ಹಾಕಿದರೆ ಗಿಡವು ಎಲೆಯಲ್ಲಿಯೇ ಕೊಬ್ಬಿ, ಹೂವು ಕಡಿಮೆಯಾಗಿ, ಕೊಂಬೆಗಳು ಗಾಳಿಗೆ ಬಾಗುತ್ತವೆ.

ಸ್ಥಳವು ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದಂತೆ ಬಿಸಿಲು ಬೀಳುವಂತಹುದಾಗಿರಬೇಕು. ಬೇವಿನ ಮರದ ಕೆಳಗೆ ನೆಟ್ಟ ಗಿಡವು ಉದ್ದವಾಗಿ ಬೆಳೆಯುವುದೇ ವಿನಾ ಹೂ ಬಿಡದು. ಆದರೆ ಪಡುವಣ ಬಿಸಿಲು ಹೊಡೆಯುವ ಕಲ್ಲಿನ ಗೋಡೆಗೂ ಪರಸಿ ಹಾಸಿದ ಅಂಗಳಕ್ಕೂ ತಾಗಿದಂತೆ ಮಡಿ ಮಾಡುವುದು ಸರಿಯಲ್ಲ. ಕಾದ ಕಲ್ಲಿನ ಉರಿಯು ರಾತ್ರಿಯೂ ಗಿಡವನ್ನು ಬಿಡುವುದಿಲ್ಲ. ಎರಡಡಿಯ ಅಂತರವನ್ನು ಬಿಡುವುದು ಒಳ್ಳೆಯದು.

ಬಿತ್ತನೆ ಮತ್ತು ನಾಟಿ

1950ರಲ್ಲಿ ವನಮಹೋತ್ಸವವು ಪ್ರಾರಂಭವಾದಂದಿನಿಂದ ಜುಲೈ ತಿಂಗಳಲ್ಲಿ ಸಸಿ ನೆಡುವುದು ಊರೂರಿನ ವಾಡಿಕೆಯಾಗಿದೆ. ಮರಗಳಿಗೆ ಅದು ಸರಿಯಾದ ಕಾಲವೇ. ಆದರೆ ಸಾಲ್ವಿಯಾದ ಎಳೆಯ ಸಸಿಯನ್ನು ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ನೆಟ್ಟರೆ ಮುಂದಿನ ಮೂರು ತಿಂಗಳ ತೇವವನ್ನು ಅದು ತಾಳಲಾರದು. ಇದನ್ನು ಮಳೆಯ ಕೊನೆಯಲ್ಲಿ ನೆಡಬೇಕು.

ಸೆಪ್ಟೆಂಬರ್ ಮಧ್ಯದಲ್ಲಿ ಉತ್ತರಾ ಮಳೆಯು ಹುಟ್ಟುವಾಗ, ಮಳೆಹನಿ ತಾಗದ ಜಗುಲಿಯಲ್ಲಿ, ತಳದಲ್ಲಿ ತೂತುಳ್ಳ ತಟ್ಟೆಗಳಲ್ಲಿ ಬಿತ್ತತಕ್ಕದ್ದು. ಬೀಜವು ಬಹಳ ಸಣ್ಣದು. ಅದನ್ನು ಆಳವಾಗಿ ಹೂಳದೆ, ಒದ್ದೆ ಮಾಡಿದ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಜರಡಿ ಹಿಡಿದ ಮರಳನ್ನು ಕಾಣಿಸಿಯೂ ಕಾಣಿಸದಷ್ಟು ಚಿಮುಕಿಸಿದರೆ ಸಾಕು. ಒಂದೆರಡು ವಾರಗಳಲ್ಲಿ ಮೊಳಕೆ ಬರುತ್ತದೆ. ಆಗ ನೀರನ್ನು ಮಿತವಾಗಿ, ಬೆಳಗಿನ ಹೊತ್ತು ಕೊಡಬೇಕು. ಸಂಜೆ ನೀರು ಚೆಲ್ಲಿದರೆ ಸಸಿಗಳು ಬುಡದಲ್ಲಿ ಕೊಳೆತು ಮಲಗುತ್ತವೆ.

ಸಸಿಗೆ ಆರು ಎಲೆಗಳಾದ ಮೇಲೆ, ಅಂದರೆ ಅಕ್ಟೋಬರ್ ಕೊನೆಯ ಸ್ವಾತಿ ಮಳೆಯ ಹೊತ್ತಿಗೆ, ಮಡಿಯಲ್ಲಿ ಒಂದು ಅಡಿಗೆ ಒಂದರಂತೆ ಸಂಜೆಯ ವೇಳೆ ನಾಟಿ ಮಾಡಬೇಕು. ಮೇಲೆ ಹೇಳಿದ ಅಳತೆಯ ಮಡಿಗೆ 30 ಸಸಿಗಳು ಹಿಡಿಯುತ್ತವೆ. ಎರಡು ವಾರಗಳ ಬಳಿಕ ಪ್ರತಿ ಸಸಿಯ ತುದಿಯನ್ನು ಚಿವುಟಿದರೆ ಮಗ್ಗುಲಿನಿಂದ ಕವಲುಗಳೊಡೆದು ಗಿಡವು ಪೊದೆಯಾಗುತ್ತದೆ. ಬಿತ್ತಿದ ಮೂರು ಮೂರೂವರೆ ತಿಂಗಳಿಗೆ, ಡಿಸೆಂಬರ್ ಕೊನೆಯಲ್ಲಿ, ಮೊದಲ ಹೂವು ಕಾಣಿಸಿಕೊಳ್ಳುವುದು.

ಹತ್ತಿರದಲ್ಲಿ ನೀಲಿ ಹೂವಿನ ಗಿಡಗಳಿದ್ದರೆ ಜೇನುಹುಳಗಳು ಪರಾಗವನ್ನು ಬೆರೆಸುವುದರಿಂದ ಬಿಳಿ ಗಿಡದ ಬೀಜದಿಂದಲೂ ನೀಲಿ ಹೂ ಹುಟ್ಟಬಹುದು. ಬಿಳಿಯನ್ನೇ ಉಳಿಸಿಕೊಳ್ಳಬೇಕೆನ್ನುವವರು ಬೀಜವನ್ನು ನಂಬದೆ ಕಡ್ಡಿಯಿಂದ ಸಸಿ ಮಾಡಿಕೊಳ್ಳಬೇಕು. ನವೆಂಬರ್ ತಿಂಗಳಲ್ಲಿ ಹೂವಿಲ್ಲದ ಎಳೆಯ ತುದಿಯನ್ನು ನಾಲ್ಕು ಅಂಗುಲ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ತೇವದ ಮರಳಿನಲ್ಲಿ ನೆರಳಿನಡಿ ಊರಿದರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತದೆ.

ನೀರು

ಚಳಿಗಾಲದಲ್ಲಿ ವಾರಕ್ಕೊಮ್ಮೆ ನೀರು ಕೊಟ್ಟರೆ ಸಾಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ವಾರಕ್ಕೆ ಎರಡು ಸಲ, 30 ಗಿಡಗಳ ಒಂದು ಮಡಿಗೆ ಪ್ರತಿ ಸಲ 15 ಲೀಟರಿನ ಮೂರು ಕೊಡಗಳಷ್ಟು ಬೇಕಾಗುವುದು. ದಿನವೂ ಸ್ವಲ್ಪ ಸ್ವಲ್ಪ ಚೆಲ್ಲುವುದಕ್ಕಿಂತ, ಬೇರಿನ ಆಳಕ್ಕೆ ಇಳಿಯುವಂತೆ ಒಮ್ಮೆ ಕೊಟ್ಟು, ಮೇಲುಮಣ್ಣು ಎರಡು ಅಂಗುಲ ಒಣಗುವವರೆಗೆ ಕಾಯುವುದು ಲೇಸು. ಬುಡದ ಸುತ್ತ ಸಣ್ಣ ಕಲ್ಲುಚೂರುಗಳನ್ನು ಒಂದು ಅಂಗುಲ ದಪ್ಪ ಹರಡಿದರೆ ತೇವವೂ ಉಳಿಯುವುದು, ಮಳೆಗಾಲದಲ್ಲಿ ಕಾಂಡದ ಬುಡವೂ ಒಣಗಿರುವುದು.

ಬೇಸಗೆಯಲ್ಲಿ ಕುಡಿಯುವ ನೀರಿಗೇ ತಾಪತ್ರಯವಿರುವ ಊರುಗಳು ಈ ಸೀಮೆಯಲ್ಲಿ ಕೆಲವಲ್ಲ. ಅಂತಹ ಕಡೆ ಹೂವಿಗೆಂದು ಕುಡಿಯುವ ನೀರನ್ನು ಖರ್ಚು ಮಾಡುವುದು ಊರ ಪ್ರಮುಖರಿಗೆ ಶೋಭಿಸದು. ಕಾಳು, ಕಾಯಿಪಲ್ಲೆ ತೊಳೆದ ನೀರನ್ನು ಸಂಗ್ರಹಿಸಿ ಬಳಸಬಹುದು. ಬಟ್ಟೆ ಒಗೆದ ಸೋಪಿನ ಪುಡಿಯ ನೀರು ಮಾತ್ರ ಬೇಡ, ಅದು ಮೊದಲೇ ಕ್ಷಾರವುಳ್ಳ ಮಣ್ಣನ್ನು ಮತ್ತಷ್ಟು ಕೆಡಿಸುತ್ತದೆ. ನೀರು ತೀರ ಕಡಿಮೆಯಾದರೆ ಗಿಡಗಳನ್ನು ಅರ್ಧಕ್ಕೆ ಕತ್ತರಿಸಿ, ಮಡಿಯ ಪಡುವಣ ಮಗ್ಗುಲಿಗೆ ತೊಗರಿ ಕಟ್ಟಿಗೆಯ ತಟ್ಟಿಯನ್ನು ನಿಲ್ಲಿಸಿ, ಮಧ್ಯಾಹ್ನದ ಉರಿಯಿಂದ ಕಾಪಾಡಬಹುದು. ಆಗ ಹೂವು ನಿಂತರೂ ಬೇರೂರಿದ ಗಿಡವು ಸಾಯುವುದು ಅಪರೂಪ. ಕಡುಬೇಸಗೆಯಲ್ಲಿ ಬಿಳಿಯ ಎಸಳುಗಳು ಕಂದುವುದನ್ನು ಕಂಡು ಗಾಬರಿಯಿಂದ ನೀರು ಹೆಚ್ಚಿಸುವುದು ಬೇಡ.

ಕತ್ತರಿಸುವುದು

ಹೂವು ಬಾಡಿದ ತೆನೆಗಳನ್ನು ಆಗಾಗ್ಗೆ ತೆಗೆಯುತ್ತಿದ್ದರೆ ಹೊಸ ತೆನೆಗಳು ಬರುತ್ತವೆ. ಮೇ ತಿಂಗಳ ಕೊನೆಯಲ್ಲಿ, ಮಳೆಗೆ ಮುಂಚೆ, ಗಿಡವನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸತಕ್ಕದ್ದು. ಇದರಿಂದ ಪೊದೆಯೊಳಗೆ ಗಾಳಿಯಾಡಿ ಮಳೆಗಾಲದ ಬೂಷ್ಟುರೋಗವು ತಗ್ಗುವುದು. ಮಳೆ ಮುಗಿದ ಬಳಿಕ ಮತ್ತೊಮ್ಮೆ ಹಗುರವಾಗಿ ಸವರಿ, ಬುಡಕ್ಕೆ ಒಂದು ಹಿಡಿ ಗೊಬ್ಬರವನ್ನು ಕೊಟ್ಟರೆ ಚಳಿಗಾಲದ ಹೂವು ತುಂಬಿ ಬರುತ್ತದೆ. ಬಹುವಾರ್ಷಿಕವೆಂದ ಮಾತ್ರಕ್ಕೆ ಇದು ಮರದಂತೆ ಬಾಳುವುದಿಲ್ಲ. ಮೂರನೆಯ ವರ್ಷದ ಹೊತ್ತಿಗೆ ಬುಡವು ಕಟ್ಟಿಗೆಯಾಗಿ ಹೂವು ವಿರಳವಾಗುವುದರಿಂದ ಕಡ್ಡಿಯ ಸಸಿಗಳನ್ನು ಮೊದಲೇ ಸಿದ್ಧಮಾಡಿಕೊಂಡಿರಬೇಕು.

ರೋಗ ಮತ್ತು ಬಾಧೆಗಳು

ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗವು ಹಳದಿಯಾದರೆ, ಸುಣ್ಣದ ನೆಲದಲ್ಲಿ ಕಬ್ಬಿಣದ ಅಂಶವು ಗಿಡಕ್ಕೆ ದಕ್ಕದಿರುವುದೇ ಕಾರಣ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ 1 ಗ್ರಾಂ ನಿಂಬೆಹುಳಿ ಉಪ್ಪನ್ನೂ ಕರಗಿಸಿ, ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಸಲ ಎಲೆಗಳಿಗೆ ಸಿಂಪಡಿಸಬೇಕು.

ಬಿಳಿನೊಣ, ಹೇನು ಮತ್ತು ನುಸಿಗಳು ಬೇಸಗೆಯಲ್ಲಿ ಬರುತ್ತವೆ. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಹಾಕಿ ಸೋಸಿದ ಕಷಾಯವು ಇವಕ್ಕೆ ತಕ್ಕ ಮದ್ದು. ಕಾರ್ಖಾನೆ ಅಥವಾ ಕಲ್ಲುಗಣಿಗಳ ಹತ್ತಿರದ ಊರುಗಳಲ್ಲಿ ಎಲೆಗಳ ಮೇಲೆ ಧೂಳು ಕುಳಿತು ಬೆಳಕನ್ನು ತಡೆಯುವುದರಿಂದ ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ನೀರು ಚಿಮುಕಿಸಿ ತೊಳೆಯಬೇಕು.

ಗಿಡವು ಮಣ್ಣು ಒದ್ದೆಯಾಗಿರುವಾಗಲೇ ಬಾಡಿದರೆ ಅದು ಬೇರುಕೊಳೆ. ಬಾಯಾರಿದೆಯೆಂದು ತಿಳಿದು ನೀರು ಹಾಕುವುದು ರೋಗಕ್ಕೆ ನೆರವಾದಂತೆ. ಅಂತಹ ಗಿಡವನ್ನು ಕಿತ್ತು ಸುಟ್ಟು, ನೀರು ಹೊರಹೋಗುವ ದಾರಿಯನ್ನು ಸರಿಪಡಿಸತಕ್ಕದ್ದು.

ಜೇನುಹುಳಗಳ ವಿಚಾರ

ಸಾಲ್ವಿಯಾ ಕುಲದ ಅನೇಕ ಜಾತಿಗಳ ಹೂವಿನೊಳಗೆ ಕೇಸರಗಳು ನೀರೆತ್ತುವ ಏತದಂತೆ ಜೋಡಿಸಲ್ಪಟ್ಟಿವೆ. ಮಕರಂದಕ್ಕಾಗಿ ತಲೆ ತೂರಿಸಿದ ದುಂಬಿಯು ಏತದ ಒಂದು ತುದಿಯನ್ನು ಒತ್ತಿದೊಡನೆ ಇನ್ನೊಂದು ತುದಿಯು ಬಾಗಿ ಅದರ ಬೆನ್ನಿಗೆ ಪರಾಗವನ್ನು ಬಳಿಯುತ್ತದೆ. ಜೇನುಹುಳಗಳೂ ದುಂಬಿಗಳೂ ಈ ಹೂವಿಗೆ ಬರುವುವು. ತೊಗರಿಯ ಹೂವು ಮುಗಿದು, ಹಿಂಗಾರಿ ಪೈರುಗಳೂ ಕೊಯ್ಲಾಗುವ ಕಾಲದಲ್ಲಿ ಮನೆಯ ಬಳಿ ಹೂವಿನ ಮಡಿಯೊಂದಿರುವುದು ಅವಕ್ಕೆ ಉಪಕಾರಕ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯು ದೊರೆತಿದೆ. ಆ ಕೀರ್ತಿಯ ಹೊಲಗಳಲ್ಲಿ ಕಾಯಿಕೊರಕಕ್ಕೆ ಔಷಧ ಹೊಡೆಯುವಾಗ ಹೂವಿನ ಮಡಿಯ ಕಡೆಗೆ ಅದು ಹಾರದಂತೆಯೂ, ಹುಳಗಳು ಹಾರಾಡುವ ಬೆಳಗಿನ ವೇಳೆಯನ್ನು ಬಿಟ್ಟು ಸಂಜೆಯಲ್ಲಿಯೂ ಸಿಂಪಡಿಸುವುದು ಬುದ್ಧಿವಂತರ ಲಕ್ಷಣ.

ಚಿಂಚೋಳಿಯವರಿಗೆ ವಿಶೇಷ ಸೂಚನೆ

ಹೊರದೇಶದ ಗಿಡವನ್ನು ತರುವವರು ಲಂಟಾನ ಮತ್ತು ಪಾರ್ಥೇನಿಯಂಗಳನ್ನು ಮರೆಯಬಾರದು. ಲಂಟಾನವನ್ನು ಅಂದಕ್ಕೆಂದು ತೋಟಕ್ಕೆ ತಂದರು. ಅದು ಬೇಲಿಯನ್ನು ದಾಟಿ ಕಾಡನ್ನು ಕವಿಯಿತು. ಪಾರ್ಥೇನಿಯಂ ನಮ್ಮ ಹೊಲಗಳ ಬದುಗಳನ್ನೇ ಹಿಡಿದಿದೆ. ಮೊದಲೇ ಹೇಳಿದ ಕಾಕ್ಸಿನಿಯಾ ಜಾತಿಯು ಬೀಜ ಉದುರಿಸಿ ತಾನಾಗಿ ಹಬ್ಬುವ ಸ್ವಭಾವದ್ದು. ಬೆಚ್ಚನೆಯ ಅನೇಕ ದೇಶಗಳಲ್ಲಿ ಅದು ತೋಟದಿಂದ ಹೊರಬಿದ್ದು ಕಾಡುಗಿಡವಾಗಿದೆ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲ್ಪಟ್ಟಿತು. ಬಯಲುಸೀಮೆಯಲ್ಲಿ ಉಳಿದಿರುವ ಇಂತಹ ಹಸಿರಿನ ಅಂಚಿನಲ್ಲಿರುವ ಊರುಗಳವರು ಕಾಕ್ಸಿನಿಯಾವನ್ನು ನೆಡದಿರುವುದೇ ಕ್ಷೇಮ. ಫ್ಯಾರಿನೇಸಿಯಾವನ್ನು ನೆಟ್ಟರೂ ಬಾಡಿದ ತೆನೆಗಳನ್ನು ಬೀಜವಾಗುವ ಮುನ್ನ ಕತ್ತರಿಸಿ, ಮಡಿಯ ಹೊರಗೆ ಹುಟ್ಟಿದ ಸಸಿಗಳನ್ನು ಕಿತ್ತುಹಾಕಬೇಕು.

ಸಾಲ್ವಿಯಾ ಎಂಬ ಹೆಸರು ಗುಣಪಡಿಸು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದಾದರೂ, ತೋಟದ ಈ ಗಿಡಗಳನ್ನು ತುಳಸಿಯಂತೆ ಔಷಧಕ್ಕಾಗಲಿ ಕಷಾಯಕ್ಕಾಗಲಿ ಬಳಸಕೂಡದೆಂದು ಮನೆಯವರೆಲ್ಲರಿಗೂ ತಿಳಿಸಿಡತಕ್ಕದ್ದು.

ಕೊನೆಯ ಮಾತು

ಮೊದಲ ವರ್ಷವೇ ದೊಡ್ಡ ತೋಟವನ್ನು ಮಾಡುವುದು ಬೇಡ. ಪಂಚಾಯಿತಿಯ ಅಥವಾ ಶಾಲೆಯ ಮುಂದೆ, ಎಲ್ಲರ ಕಣ್ಣಿಗೆ ಬೀಳುವಲ್ಲಿ, ಹತ್ತಡಿಯ ಒಂದು ಮಡಿಯನ್ನು ಏರಿಸಿ 30 ಗಿಡಗಳನ್ನು ನೆಟ್ಟು ನೋಡಿರಿ. ಪಕ್ಕದಲ್ಲಿಯೇ ಬರಿಯ ಎರೆನೆಲದಲ್ಲಿ ನಾಲ್ಕೈದು ಗಿಡಗಳನ್ನೂ ನೆಡಿರಿ. ಒಂದು ಬೇಸಗೆ ಮತ್ತು ಒಂದು ಮಳೆಗಾಲ ಕಳೆದ ಬಳಿಕ ಎರಡನ್ನೂ ಹೋಲಿಸಿದರೆ, ಕೆಡಿಸಿದ್ದು ಬಿಸಿಲೋ ನೀರೋ ಎಂಬುದು ಊರಿನವರಿಗೆಲ್ಲ ಪ್ರತ್ಯಕ್ಷವಾಗುವುದು. ನೀರು ನಿಲ್ಲದಂತೆ ನೆಲವನ್ನು ಏರಿಸುವ ಈ ಪಾಠವು ಹೂವಿಗೆ ಮಾತ್ರವಲ್ಲದೆ ಹಿತ್ತಲಿನ ಮೆಣಸಿನಕಾಯಿ, ಬದನೆ, ಕರಿಬೇವುಗಳಿಗೂ ಸಲ್ಲುವುದರಿಂದ, ಒಂದು ಮಡಿಯ ಶ್ರಮವು ಎಂದಿಗೂ ನಷ್ಟವಾಗದು.